ಒಂದು ಕೆಂಪು ಕಣದ ನಾಲ್ಕು ತಿಂಗಳು

ಮಂಚದ ಮೂಲೆ ಮೊಣಕಾಲಿಗೆ ಬಡಿದರೆ ಮರುದಿನ ಅಲ್ಲಿ ನೀಲಿಗಟ್ಟುತ್ತದೆ. ಅಷ್ಟಕ್ಕೇ ಮರೆತುಬಿಡಬೇಡಿ, ದಿನಾ ನೋಡಿ. ನಾಲ್ಕೈದು ದಿನಕ್ಕೆ ಅಂಚು ಹಸಿರಾಗುತ್ತದೆ, ಆಮೇಲೆ ಅರಿಶಿನ ಸವರಿದಂತೆ ಹಳದಿ. ಮೈಬಣ್ಣ ಕಪ್ಪಾಗಿದ್ದರೆ ಅಷ್ಟು ಎದ್ದು ಕಾಣುವುದಿಲ್ಲ, ಆದರೆ ಒಳಗೆ ನಡೆಯುವುದು ಅದೇ. ಚರ್ಮದಡಿ ಸೋರಿದ ಕೆಂಪು ರಕ್ತಕಣಗಳು ಒಡೆಯುತ್ತಿವೆ. ಅವುಗಳಿಗೆ ಕೆಂಪು ಬಣ್ಣ ಕೊಡುವ ಹಿಮೋಗ್ಲೋಬಿನ್ ಮೊದಲು ಹಸಿರು ಬಿಲಿವರ್ಡಿನ್ ಆಗುತ್ತದೆ, ನಂತರ ಹಳದಿ ಬಿಲಿರುಬಿನ್.

ಪುಸ್ತಕದಲ್ಲಿ ಜೀವಕೋಶ ಒಂದು ಪಾಠ, ಉಸಿರಾಟ ಇನ್ನೊಂದು, ವಿಸರ್ಜನೆ ಮತ್ತೊಂದು. ಮೈಯೊಳಗೆ ಹೀಗೆ ಗೋಡೆಗಳಿಲ್ಲ. ನನ್ನನ್ನು ಕೇಳಿದರೆ, ಒಂದೇ ಒಂದು ಕೆಂಪು ಕಣದ ಬೆನ್ನು ಹತ್ತಿ, ಎಲ್ಲ ಪಾಠಗಳೂ ದಾರಿಯಲ್ಲೇ ಸಿಗುತ್ತವೆ.

ಅದು ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಸೆಕೆಂಡಿಗೆ ಸುಮಾರು 20 ಲಕ್ಷ ಕಣಗಳು ಅಲ್ಲಿ ತಯಾರಾಗುತ್ತವೆ. ಎಷ್ಟು ಬೇಕು ಅಂತ ಹೇಳಿ ಕಳಿಸುವುದು ಕಿಡ್ನಿ! ರಕ್ತದಲ್ಲಿ ಆಮ್ಲಜನಕ ಕಡಿಮೆಯಾದರೆ ಅದು ಎರಿಥ್ರೋಪೊಯೆಟಿನ್ ಎಂಬ ಹಾರ್ಮೋನನ್ನು ಜಾಸ್ತಿ ಬಿಡುತ್ತದೆ. ಕಿಡ್ನಿ ಕೆಟ್ಟವರಿಗೆ ರಕ್ತಹೀನತೆ ಕಾಡುವುದಕ್ಕೆ ಇದೇ ದೊಡ್ಡ ಕಾರಣ.

ಮಜ್ಜೆಯಿಂದ ಹೊರಡುವ ಮೊದಲು ಈ ಕಣ ತನ್ನ ಕೋಶಕೇಂದ್ರವನ್ನೇ ಹೊರಹಾಕುತ್ತದೆ. ಸ್ವಲ್ಪ ದಿನದಲ್ಲಿ ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾವೂ ಇಲ್ಲ. ಕಪ್ಪೆಯ, ಕೋಳಿಯ ಕೆಂಪು ಕಣಗಳಲ್ಲಿ ಕೋಶಕೇಂದ್ರ ಹಾಗೇ ಇರುತ್ತದೆ, ನಮ್ಮದರಲ್ಲಿ ಇಲ್ಲ. ಖಾಲಿಯಾದ ಜಾಗದಲ್ಲೆಲ್ಲ ಹಿಮೋಗ್ಲೋಬಿನ್ ತುಂಬಿರುತ್ತದೆ. ಒಂದು ಕಣದಲ್ಲಿ ಸುಮಾರು 27 ಕೋಟಿ ಅಣುಗಳು, ಒಂದೊಂದೂ ನಾಲ್ಕು ಆಮ್ಲಜನಕದ ಅಣುಗಳನ್ನು ಹೊರಬಲ್ಲದು. ಆಕಾರ ಹೇಗಂದರೆ, ಪೇಡಾವನ್ನು ಎರಡೂ ಕಡೆಯಿಂದ ಬೆರಳಲ್ಲಿ ಒತ್ತಿದ ಹಾಗೆ. ಅಗಲ 7–8 ಮೈಕ್ರೊಮೀಟರ್, ಅಂದರೆ ಒಂದು ಮಿಲಿಮೀಟರ್ ಉದ್ದಕ್ಕೆ ನೂರಮೂವತ್ತು ಕಣಗಳನ್ನು ಸಾಲಾಗಿ ಇಡಬಹುದು. ಇದಕ್ಕಿಂತ ಸಣ್ಣ ರಕ್ತನಾಳಗಳೂ ಇವೆ. ಅಲ್ಲಿ ಕಣ ಮಡಚಿಕೊಂಡು, ಒಂದರ ಹಿಂದೆ ಒಂದು ನುಸುಳುತ್ತದೆ.

ಹೃದಯ ನೂಕುತ್ತದೆ, ಶ್ವಾಸಕೋಶ ಆಮ್ಲಜನಕ ತುಂಬಿಸುತ್ತದೆ. ಸುಮ್ನೆ ಕೂತಿದ್ದರೂ ಸುಮಾರು ಒಂದು ನಿಮಿಷಕ್ಕೆ ಒಂದು ಸುತ್ತು.

ಆದರೆ ಕೋಶಕೇಂದ್ರ ಬಿಟ್ಟುಕೊಟ್ಟ ಮೇಲೆ ಸವೆದದ್ದನ್ನು ಹೊಸದಾಗಿ ಮಾಡಿಕೊಳ್ಳಲು ಆಗುವುದಿಲ್ಲ. ಹೊರಪೊರೆ ಬಿರುಸಾಗುತ್ತಾ ಹೋಗುತ್ತದೆ. ಸುಮಾರು 120 ದಿನಕ್ಕೆ ಹೊಟ್ಟೆಯ ಎಡಭಾಗದ ಗುಲ್ಮದಲ್ಲೋ (ಸ್ಪ್ಲೀನ್) ಲಿವರಿನಲ್ಲೋ ಇರುವ ಭಕ್ಷಕ ಕೋಶಗಳು ಅದನ್ನು ನುಂಗುತ್ತವೆ. ಹಿಮೋಗ್ಲೋಬಿನ್‌ನಲ್ಲಿರುವ ಕಬ್ಬಿಣ ಮಾತ್ರ ವ್ಯರ್ಥವಾಗುವುದಿಲ್ಲ. ದಿನಕ್ಕೆ 20 ಮಿಲಿಗ್ರಾಂಗೂ ಹೆಚ್ಚು ಕಬ್ಬಿಣ ಹೀಗೆ ಮಜ್ಜೆಗೆ ವಾಪಸು ಹೋಗುತ್ತದೆ. ಊಟದಿಂದ ಕರುಳು ಹೀರಿಕೊಳ್ಳುವುದು 1–2 ಮಿಲಿಗ್ರಾಂ ಅಷ್ಟೇ. ಮೊಣಕಾಲಿನಲ್ಲಿ ಕಂಡ ಆ ಹಳದಿ ಬಿಲಿರುಬಿನ್ ಇಲ್ಲೂ ಹುಟ್ಟುತ್ತದೆ. ಲಿವರ್ ಅದನ್ನು ಪಿತ್ತರಸದ ಜೊತೆ ಕರುಳಿಗೆ ಬಿಡುತ್ತದೆ. ಮಲದ ಕಂದು, ಮೂತ್ರದ ಹಳದಿ ಎರಡೂ ಅದರಿಂದಲೇ. ಹಸುಗೂಸಿನ ಲಿವರ್ ಇನ್ನೂ ಬಲಿತಿರುವುದಿಲ್ಲ, ಅದಕ್ಕೇ ಎಷ್ಟೋ ಕೂಸುಗಳು ಹುಟ್ಟಿದ ಎರಡು ಮೂರು ದಿನಕ್ಕೆ ಹಳದಿಯಾಗುತ್ತವೆ.

ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ‘ಮೂರು ತಿಂಗಳ ಶುಗರ್’ ಪರೀಕ್ಷೆ ಗೊತ್ತೇ ಇರುತ್ತದೆ, ಅಲ್ವಾ? ಆ ಮೂರು ತಿಂಗಳು ಬಂದದ್ದು ಈ ಕಣದ ಆಯಸ್ಸಿನಿಂದ. ರಕ್ತದಲ್ಲಿ ಹೊಸ ಕಣ, ಹಳೆ ಕಣ ಎಲ್ಲ ಬೆರೆತಿರುವುದರಿಂದ ಲೆಕ್ಕ ನಾಲ್ಕಲ್ಲ, ಸುಮಾರು ಮೂರು. ರಕ್ತದಲ್ಲಿನ ಸಕ್ಕರೆ ಹಿಮೋಗ್ಲೋಬಿನ್‌ಗೆ ಅಂಟಿಕೊಂಡರೆ ಕಣ ಬದುಕಿರುವವರೆಗೂ ಬಿಡುವುದಿಲ್ಲ. ಲ್ಯಾಬಿಗೆ ಹೋಗುವ ಹಿಂದಿನ ರಾತ್ರಿ ಊಟ ಬಿಟ್ಟರೆ ಆ ಅಂಕಿ ಇಳಿಯುವುದಿಲ್ಲ. ಎರಡು ತಿಂಗಳ ಹಿಂದೆ ಹಬ್ಬದಲ್ಲಿ ತಿಂದ ಹೋಳಿಗೆಯ ಸಕ್ಕರೆಯೂ ಆ ಕಣಗಳಲ್ಲಿ ಇನ್ನೂ ಕೂತಿರುತ್ತದೆ.