ಟ್ರ್ಯಾಕ್ ಇದ್ದ ಊರಿಗೇ ಸೀಸನ್: ಭಾರತದ ಫಾರ್ಮುಲಾ 4 ಬೆಳೆದು ಬಂದ ಬಗೆ

ದಾವಣಗೆರೆಯ ಪಿ.ಬಿ. ರಸ್ತೆಯ ಆಸುಪಾಸಿನ ಗ್ಯಾರೇಜುಗಳಲ್ಲಿ ಕೆಲಸ ಕಲಿತ ಹಳೆಯ ಮೆಕ್ಯಾನಿಕ್‌ಗಳಿಗೆ ಮಾರುತಿ ಎಸ್ಟೀಮ್ ಮತ್ತು ಮೊದಲು ಬಂದ ಸ್ವಿಫ್ಟ್ ಕಾರುಗಳ 1,300 ಸಿಸಿ ಪೆಟ್ರೋಲ್ ಇಂಜಿನ್ ಚೆನ್ನಾಗಿ ಗೊತ್ತು. ಸುಜುಕಿಯ ಅದೇ ಇಂಜಿನ್ನನ್ನು ಚಾಲಕನ ಬೆನ್ನ ಹಿಂದೆ ಕೂರಿಸಿ, ನಾಲ್ಕೂ ಚಕ್ರಗಳನ್ನು ಬಾಡಿಯ ಹೊರಗೆ ಬಿಟ್ಟು, ಒಬ್ಬರಿಗಷ್ಟೇ ಜಾಗವಿರುವಂತೆ ಕಟ್ಟಿದ ಎಲ್‌ಜಿಬಿ ಫಾರ್ಮುಲಾ 4 ಎಂಬ ಕಾರು ಎಷ್ಟೋ ವರ್ಷಗಳಿಂದ ಭಾರತದ ಕಿರಿಯ ಚಾಲಕರಿಗೆ ಮೊದಲ ಮೆಟ್ಟಿಲಾಗಿದೆ. ಇಂಜಿನ್ ನಮ್ಮೂರಿನ ಗ್ಯಾರೇಜಿಗೆ ತಾನಾಗಿಯೇ ಬಂದರೂ ಆ ರೇಸ್ ಮಾತ್ರ ಇತ್ತ ಬರಲಿಲ್ಲ. ದಾವಣಗೆರೆ ಅಥವಾ ಚಿತ್ರದುರ್ಗದ ಹುಡುಗನೊಬ್ಬ ಅದನ್ನು ಕಣ್ಣಾರೆ ನೋಡಬೇಕೆಂದರೆ ಇಂದಿಗೂ ಆರುನೂರು ಕಿ.ಮೀ. ಆಸುಪಾಸು ದೂರದ ಕೊಯಮತ್ತೂರಿಗೋ ಚೆನ್ನೈ ಬಳಿಯ ಇರುಂಗಾಟ್ಟುಕೋಟೈಗೋ ಹೋಗಬೇಕು. ಈ ದೂರಕ್ಕೆ ಒಂದು ಇತಿಹಾಸವಿದೆ. ಭಾರತದಲ್ಲಿ ಕಿರಿಯರ ರೇಸಿಂಗ್ ಸೀಸನ್ ಹೇಗಿರಬೇಕೆಂಬುದನ್ನು ಚಾಲಕರಾಗಲಿ ಪ್ರೇಕ್ಷಕರಾಗಲಿ ನಿರ್ಧರಿಸಿದ್ದು ಕಡಿಮೆ. ಟ್ರ್ಯಾಕ್ ಯಾರ ಬಳಿ ಇದೆ, ಕಾರುಗಳನ್ನು ಯಾರು ಕೊಡುತ್ತಾರೆ ಎಂಬುದೇ ಅದನ್ನು ನಿರ್ಧರಿಸುತ್ತ ಬಂದಿದೆ.

ಆರಂಭದಲ್ಲಿ ಟ್ರ್ಯಾಕ್ ಎಂಬುದೇ ಇರಲಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಮದ್ರಾಸಿನ ಹತ್ತಿರದ ಶೋಲವರಂನಲ್ಲಿ ನಿರ್ಮಿಸಿದ್ದ ವಿಮಾನ ಓಡುದಾರಿಯಲ್ಲೇ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ದಶಕಗಳ ಕಾಲ ರೇಸ್ ನಡೆಸಿತು. 1990ರಲ್ಲಿ ಅದೇ ಕ್ಲಬ್ ಇರುಂಗಾಟ್ಟುಕೋಟೈಯಲ್ಲಿ ಸ್ವಂತ ಟ್ರ್ಯಾಕ್ ತೆರೆಯಿತು. ಆ ಹೊತ್ತಿಗಾಗಲೇ ಕೊಯಮತ್ತೂರಿನ ಎಸ್. ಕರಿವರ್ಧನ್ ಮಾರುತಿ 800ರ ಇಂಜಿನ್ ಬಳಸಿ ಫಾರ್ಮುಲಾ ಮಾರುತಿ ಎಂಬ ಪುಟ್ಟ ರೇಸ್ ಕಾರನ್ನು ಸಿದ್ಧಪಡಿಸಿದ್ದರು. ಹೊರದೇಶದ ಹಳೆಯ ರೇಸ್ ಕಾರು ತರಿಸಿಕೊಳ್ಳಬಲ್ಲ ಸಿರಿವಂತರ ಹವ್ಯಾಸವಾಗಿದ್ದ ಆಟ, ಎಲ್ಲರೂ ಒಂದೇ ಬಗೆಯ ಅಗ್ಗದ ಕಾರಿನಲ್ಲಿ ಪೈಪೋಟಿ ನಡೆಸುವ ಆಟವಾಗಿ ಬದಲಾದದ್ದು ಇಲ್ಲಿಂದ. 2005ರಲ್ಲಿ ಜೋರ್ಡನ್ ತಂಡದ ಮೂಲಕ ಭಾರತದ ಮೊದಲ ಫಾರ್ಮುಲಾ ಒನ್ ಚಾಲಕರಾದ ನಾರಾಯಣ್ ಕಾರ್ತಿಕೇಯನ್ ಮೊದಲ ರೇಸ್ ಓಡಿಸಿದ್ದೂ ಫಾರ್ಮುಲಾ ಮಾರುತಿಯಲ್ಲೇ. ಕರಿವರ್ಧನ್ 1995ರಲ್ಲಿ ಲಘು ವಿಮಾನ ಅಪಘಾತದಲ್ಲಿ ತೀರಿಕೊಂಡರು. ಕೊಯಮತ್ತೂರಿನ ಹೊರವಲಯದ ಕರಿ ಮೋಟಾರ್ ಸ್ಪೀಡ್‌ವೇಗೆ ಅವರದೇ ಹೆಸರಿದೆ.

ದಾವಣಗೆರೆಯವರು ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕಾದ ಸಂಗತಿಯಿದೆ. ಕೊಯಮತ್ತೂರು ದಕ್ಷಿಣ ಭಾರತದ ಮ್ಯಾಂಚೆಸ್ಟರ್ ಎನಿಸಿಕೊಂಡರೆ ನಮ್ಮೂರು ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿತ್ತು; ಎರಡೂ ಹತ್ತಿಯಿಂದ ಬೆಳೆದ ಊರುಗಳು. ಆದರೆ ಅಲ್ಲಿ ಗಿರಣಿಗಳ ಬೆನ್ನಿಗೇ ಗಿರಣಿ ಯಂತ್ರ, ಪಂಪ್‌ಸೆಟ್, ವಾಹನಗಳ ಚೈನು, ಎರಕದ ಬಿಡಿಭಾಗ ಮಾಡುವ ಕಾರ್ಖಾನೆಗಳು ಎದ್ದವು. ಎಲ್‌ಜಿಬಿ ಎಂಬ ಹೆಸರು ಕೂಡ ಚೈನು ತಯಾರಿಸುವ ಅಲ್ಲಿನ ಕಂಪನಿಯದೇ. ನಮ್ಮಲ್ಲಿ ಗಿರಣಿಗಳು ಒಂದೊಂದಾಗಿ ಮುಚ್ಚಿದ ಮೇಲೆ ಊರು ವ್ಯಾಪಾರ ಮತ್ತು ಕಾಲೇಜುಗಳ ಕಡೆ ಹೊರಳಿತು. ರೇಸ್ ಕಾರು ಹುಟ್ಟಲು ಹಣವಂತರ ಹುಚ್ಚು ಮಾತ್ರ ಸಾಲದು. ಬೇಕಾದ ಭಾಗವನ್ನು ಲೇತ್ ಮೇಲೆ ತಿರುವಿ ಮಾರನೆಯ ದಿನವೇ ಕೈಗಿಡುವ ವರ್ಕ್‌ಶಾಪುಗಳು ಪಕ್ಕದ ಬೀದಿಯಲ್ಲಿರಬೇಕು. ಕೊಯಮತ್ತೂರಿನಲ್ಲಿ ಅವು ಇದ್ದವು.

ಕಾರು ಮತ್ತು ಟ್ರ್ಯಾಕ್ ಸಿಕ್ಕಿದ ಮೇಲೆ ಸೀಸನ್ನಿನ ಖರ್ಚು ಹೊತ್ತವರು ಟೈರ್ ಕಂಪನಿಗಳು. ಜೆಕೆ ಟೈರ್ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಸಿದ್ದಲ್ಲದೆ 2011ರಲ್ಲಿ ಏಷ್ಯಾದ ಫಾರ್ಮುಲಾ ಬಿಎಂಡಬ್ಲ್ಯು ಸರಣಿಯನ್ನೇ ತನ್ನ ಹೆಸರಿಗೆ ತಂದುಕೊಂಡಿತು. ಎಂಆರ್‌ಎಫ್ ಇನ್ನೊಂದು ದಾರಿ ಹಿಡಿಯಿತು: ಯುರೋಪಿನಲ್ಲಿ ಚಳಿಗೆ ರೇಸ್‌ಗಳೆಲ್ಲ ನಿಂತಿರುವ ತಿಂಗಳುಗಳಲ್ಲಿ ಎಂಆರ್‌ಎಫ್ ಚಾಲೆಂಜ್ ನಡೆಸಿ, ಅಲ್ಲಿನ ಕಿರಿಯ ಚಾಲಕರನ್ನು ಚೆನ್ನೈಗೂ ಕೊಲ್ಲಿ ದೇಶಗಳಿಗೂ ಕರೆಸಿತು. ಮೈಕೆಲ್ ಶುಮಾಕರ್ ಮಗ ಮಿಕ್ ಶುಮಾಕರ್ 2016–17ರಲ್ಲಿ ಇದರಲ್ಲಿ ಓಡಿಸಿದರು. ಮುಂದೆ ಫಾರ್ಮುಲಾ ಒನ್‌ಗಿಂತ ಒಂದೇ ಮೆಟ್ಟಿಲು ಕೆಳಗಿನ ಫಾರ್ಮುಲಾ 2ರಲ್ಲಿ ಚಾಂಪಿಯನ್ ಆದ ಬ್ರೆಜಿಲ್‌ನ ಫೆಲಿಪೆ ಡ್ರುಗೊವಿಚ್ 2017–18ರ ಪ್ರಶಸ್ತಿ ಗೆದ್ದರೆ, ಮರುವರ್ಷ ಬ್ರಿಟನ್ನಿನ ಜೇಮಿ ಚಾಡ್ವಿಕ್ ಈ ಸರಣಿ ಗೆದ್ದ ಮೊದಲ ಮಹಿಳೆಯಾದರು. ಗುಣಮಟ್ಟದಲ್ಲಿ ಈ ಸರಣಿಗೆ ಹೆಸರಿಡುವಂತಿರಲಿಲ್ಲ. ಅದರ ಬಾಗಿಲು ದೊಡ್ಡ ಖರ್ಚು ಭರಿಸಬಲ್ಲವರಿಗೆ ಮಾತ್ರ ತೆರೆದಿತ್ತು ಎಂಬುದೂ ಅಷ್ಟೇ ನಿಜ.

ಈ ನಡುವೆ ಪ್ಯಾರಿಸ್‌ನಲ್ಲಿರುವ ಎಫ್‌ಐಎ, ಅಂದರೆ ಜಗತ್ತಿನ ಮೋಟಾರ್ ಕ್ರೀಡೆಯನ್ನು ನಿಯಂತ್ರಿಸುವ ಸಂಸ್ಥೆ, ಕಾರ್ಟಿಂಗ್ (ಮಕ್ಕಳು ರೇಸ್ ಕಲಿಯುವ ಪುಟ್ಟ ಗಾಡಿಗಳ ಸ್ಪರ್ಧೆ) ಮತ್ತು ಫಾರ್ಮುಲಾ 3ರ ನಡುವೆ ಪ್ರತಿ ದೇಶವೂ ಒಂದೇ ನಿಯಮದಡಿ ನಡೆಸಬಹುದಾದ ಫಾರ್ಮುಲಾ 4 ಮೆಟ್ಟಿಲನ್ನು ರೂಪಿಸಿತು. 2014ರಲ್ಲಿ ಇಟಲಿಯ ಮೊದಲ ಸೀಸನ್ ಗೆದ್ದವರು ಇಂದು ಫಾರ್ಮುಲಾ ಒನ್‌ನಲ್ಲಿರುವ ಲಾನ್ಸ್ ಸ್ಟ್ರೋಲ್. ಹೆಸರು ಒಂದೇ ಆದರೂ ನಮ್ಮ ಎಲ್‌ಜಿಬಿ ಫಾರ್ಮುಲಾ 4ಕ್ಕೂ ಇದಕ್ಕೂ ಸಂಬಂಧವಿಲ್ಲ, ಮತ್ತು ವ್ಯತ್ಯಾಸ ಕಾರಿನದಷ್ಟೇ ಅಲ್ಲ. 2015ರಲ್ಲಿ ಮ್ಯಾಕ್ಸ್ ವರ್ಸ್ಟಾಪನ್ ಹದಿನೇಳನೇ ವಯಸ್ಸಿಗೇ ಫಾರ್ಮುಲಾ ಒನ್ ಪ್ರವೇಶಿಸಿದ ನಂತರ ಎಫ್‌ಐಎ, ಫಾರ್ಮುಲಾ ಒನ್ ಓಡಿಸಲು ಬೇಕಾದ ಸೂಪರ್ ಲೈಸೆನ್ಸ್‌ನ ನಿಯಮವನ್ನು ಬಿಗಿಗೊಳಿಸಿತು. ಸಾಮಾನ್ಯವಾಗಿ ಹದಿನೆಂಟು ತುಂಬಿರಬೇಕು, ಮೂರು ಸೀಸನ್ನುಗಳಲ್ಲಿ 40 ಅಂಕ ಸೇರಿರಬೇಕು. ಎಫ್‌ಐಎ ಮನ್ನಣೆಯ ಫಾರ್ಮುಲಾ 4 ಗೆದ್ದರೆ ಅದರಲ್ಲಿ 12 ಅಂಕ ಸಿಗುತ್ತದೆ. ದೇಶೀ ಸರಣಿಯಲ್ಲಿ ಎಷ್ಟು ಗೆದ್ದರೂ ಆ ಲೆಕ್ಕಕ್ಕೆ ಸೇರದು.

ಹೀಗಾಗಿ ಒಂದು ದಶಕದ ಕಾಲ ನಮ್ಮ ಹುಡುಗರು ಹದಿಹರೆಯದಲ್ಲೇ ದೇಶ ಬಿಡಬೇಕಾಯಿತು. ಬೆಂಗಳೂರಿನ ಕುಶ್ ಮೈನಿ 2016ರಲ್ಲಿ ಫಾರ್ಮುಲಾ 4 ಓಡಿಸಿದ್ದು ಇಟಲಿಯಲ್ಲಿ. ಆ ದಾರಿಯಲ್ಲೇ ಮೇಲೇರಿ 2025ರಲ್ಲಿ ಮೊನಾಕೊದ ಫಾರ್ಮುಲಾ 2 ಸ್ಪ್ರಿಂಟ್ ರೇಸ್ ಗೆದ್ದರು. ಅವರ ಅಣ್ಣ ಅರ್ಜುನ್ ಮೈನಿಯದೂ ಯುರೋಪಿನ ದಾರಿಯೇ. ಇತ್ತ ಗ್ರೇಟರ್ ನೊಯ್ಡಾದಲ್ಲಿ 5.125 ಕಿ.ಮೀ. ಉದ್ದದ ಬುದ್ಧ ಸರ್ಕ್ಯೂಟ್ ಕಟ್ಟಿ 2011ರಿಂದ 2013ರವರೆಗೆ ಫಾರ್ಮುಲಾ ಒನ್ ನಡೆಸಿದರೂ, ತೆರಿಗೆ ವಿವಾದದಲ್ಲಿ ಅದು ನಿಂತುಹೋಯಿತು. ಅಷ್ಟು ದೊಡ್ಡ ಟ್ರ್ಯಾಕ್ ಇದ್ದೂ ಕಿರಿಯರ ಸೀಸನ್ನಿಗೆ ಅದರಿಂದ ಆದ ಲಾಭ ಅಲ್ಪವೇ.

ಭಾರತದ ಎಫ್‌ಐಎ ಫಾರ್ಮುಲಾ 4 ಶುರುವಾಗಬೇಕಿದ್ದದ್ದು 2022ರಲ್ಲಿ. ಆ ವರ್ಷ ಹೈದರಾಬಾದಿನ ಹುಸೇನ್ ಸಾಗರದ ಬದಿಯ ಬೀದಿಗಳಲ್ಲಿ ಇದೇ ಆಯೋಜಕರ ಇಂಡಿಯನ್ ರೇಸಿಂಗ್ ಲೀಗ್‌ನ ಮೊದಲ ಸುತ್ತು ಅರ್ಧಕ್ಕೇ ನಿಂತಿತು, ಫಾರ್ಮುಲಾ 4 ಮುಂದಕ್ಕೆ ಹೋಯಿತು. 2023ರ ಡಿಸೆಂಬರಿನಲ್ಲಿ ಚೆನ್ನೈ ಬೀದಿಯಲ್ಲಿ ನಡೆಯಬೇಕಿದ್ದ ಸುತ್ತನ್ನು ಮಿಚಾಂಗ್ ಚಂಡಮಾರುತ ತಪ್ಪಿಸಿತು. ಆ ಮೊದಲ ಸೀಸನ್ನಿನ ಚಾಂಪಿಯನ್ ಆಸ್ಟ್ರೇಲಿಯದ ಕೂಪರ್ ವೆಬ್‌ಸ್ಟರ್. ಚೆನ್ನೈನ ಐಲ್ಯಾಂಡ್ ಗ್ರೌಂಡ್ ಸುತ್ತಲಿನ ಸುಮಾರು 3.5 ಕಿ.ಮೀ. ಬೀದಿಗಳಲ್ಲಿ ದೀಪದ ಬೆಳಕಿನಲ್ಲಿ ಕಾರುಗಳು ಓಡಿದ್ದು 2024ರ ಆಗಸ್ಟ್ ಕೊನೆಗೆ, ಅದೂ ಎಫ್‌ಐಎ ಪ್ರಮಾಣಪತ್ರ ತಡವಾಗಿ ಮೊದಲ ದಿನದ ವೇಳಾಪಟ್ಟಿಯೆಲ್ಲ ಏರುಪೇರಾದ ಮೇಲೆ. ಆ ವರ್ಷದ ಪ್ರಶಸ್ತಿ ದಕ್ಷಿಣ ಆಫ್ರಿಕಾದ ಅಕೀಲ್ ಅಲಿಭಾಯ್ ಪಾಲಾಯಿತು. ತಂಡಗಳಿಗೆ ಬೆಂಗಳೂರು, ಹೈದರಾಬಾದ್, ಗೋವಾ ಎಂದು ಊರುಗಳ ಹೆಸರಿಟ್ಟರೂ ಸೀಸನ್ ಮತ್ತೆ ಆಶ್ರಯ ಪಡೆದದ್ದು ಮದ್ರಾಸ್ ಕ್ಲಬ್ಬಿನ ಹಳೆಯ ಟ್ರ್ಯಾಕ್ ಮತ್ತು ಕರಿ ಸ್ಪೀಡ್‌ವೇಯಲ್ಲೇ. ಬೀದಿ ರೇಸ್‌ಗೆ ಜನ ಸೇರುತ್ತಾರೆ, ಪ್ರಚಾರವೂ ಸಿಗುತ್ತದೆ, ಆದರೆ ಬೇಲಿ ಬಿಚ್ಚಿದ ಮರುದಿನ ಅಭ್ಯಾಸಕ್ಕೆ ಅಲ್ಲೇನೂ ಉಳಿಯುವುದಿಲ್ಲ.

ಅಭ್ಯಾಸ ಯಾಕೆ ಅಷ್ಟು ಮುಖ್ಯ ಎಂಬುದು ಕಾರ್ಟ್ ಒಂದನ್ನು ಹತ್ತಿರದಿಂದ ನೋಡಿದರೆ ತಿಳಿಯುತ್ತದೆ. ಅದಕ್ಕೆ ಸಸ್ಪೆನ್ಷನ್ ಇಲ್ಲ, ತಿರುವಿನಲ್ಲಿ ಎರಡು ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಡಿಫರೆನ್ಷಿಯಲ್ ಇಲ್ಲ. ಹಿಂದಿನ ಎರಡು ಚಕ್ರಗಳು ಒಂದೇ ಆಕ್ಸಲ್‌ಗೆ ಬಿಗಿದಿರುವುದರಿಂದ, ತಿರುವಿನಲ್ಲಿ ಒಳಬದಿಯ ಹಿಂಚಕ್ರ ನೆಲ ಬಿಟ್ಟು ಕೂದಲೆಳೆಯಷ್ಟಾದರೂ ಏಳದಿದ್ದರೆ ಕಾರ್ಟ್ ತಿರುಗಲು ಹಟ ಮಾಡುತ್ತದೆ. ಆ ಚಕ್ರವನ್ನು ಎಬ್ಬಿಸುವುದು ಸ್ಟಿಯರಿಂಗ್ ತಿರುವಿದ ರೀತಿ ಮತ್ತು ಚಾಸಿಯ ಬಾಗು, ತಿಳಿದುಕೊಳ್ಳುವುದು ಚಾಲಕನ ಸೊಂಟ ಮತ್ತು ಪಕ್ಕೆಲುಬು. ಸೀಟಿನ ಅಂಚಿಗೆ ಬಡಿದು ಪಕ್ಕೆ ಕಂದಬಾರದೆಂದು ಮಕ್ಕಳು ಎದೆಗೆ ರಕ್ಷಾ ಕವಚ ಕಟ್ಟಿಕೊಂಡೇ ಕೂರುತ್ತಾರೆ. ಎಫ್‌ಐಎ ಫಾರ್ಮುಲಾ 4ಕ್ಕೆ ಕನಿಷ್ಠ ವಯಸ್ಸು ಹದಿನೈದು. ಅಷ್ಟರೊಳಗೆ ಹಲವು ವರ್ಷ ಹೀಗೆ ಮೈಯಿಂದ ಕಲಿತ ಮಗುವಿನ ಎದುರು, ಹೆದ್ದಾರಿ 48ರಲ್ಲಿ ಚಿತ್ರದುರ್ಗ–ದಾವಣಗೆರೆ ನಡುವೆ ಅಪ್ಪನ ಕಾರು ಓಡಿಸಿ ವೇಗ ಕಲಿತೆನೆಂದುಕೊಳ್ಳುವ ಯುವಕನ ಅನುಭವ ಯಾವ ಲೆಕ್ಕಕ್ಕೂ ಬಾರದು. ಹಾಗೆ ಓಡಿಸುವುದು ಅಪರಾಧ ಎಂಬುದು ಬೇರೆಯೇ ಮಾತು.

ನಮ್ಮ ಭಾಗದ ತಂದೆ ತಾಯಿಗಳಿಗೆ ಕಾರ್ಟಿಂಗ್‌ನ ಹತ್ತಿರದ ನೆಲೆ ಬೆಂಗಳೂರು. ವಾರಾಂತ್ಯಕ್ಕೊಮ್ಮೆ 260 ಕಿ.ಮೀ. ಹೋಗಿ ಬರುವ ಪ್ರಯಾಣ, ಟೈರ್, ಇಂಜಿನ್ ಬಾಡಿಗೆ, ಮೆಕ್ಯಾನಿಕ್ ಕೂಲಿ ಎಲ್ಲ ಸೇರಿದರೆ ಮಧ್ಯಮ ವರ್ಗದ ಮನೆಗೆ ನಿಭಾಯಿಸುವುದು ಕಷ್ಟ. ಚಾಲಕನಾಗುವ ದಾರಿ ಇಷ್ಟು ಕಿರಿದಾಗಿದ್ದರೂ ಕಾರು ಕಟ್ಟುವ ದಾರಿ ಸ್ವಲ್ಪ ಅಗಲವಾಗಿದೆ. 1951ರಲ್ಲಿ ಶುರುವಾದ ಬಿಡಿಟಿ ಕಾಲೇಜಿನಿಂದ ಹಿಡಿದು ದಾವಣಗೆರೆ, ಚಿತ್ರದುರ್ಗಗಳಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿಗೆ ಕೊರತೆಯಿಲ್ಲ. ದೇಶದ ಯಾವ ಕಾಲೇಜಿನ ವಿದ್ಯಾರ್ಥಿಗಳಾದರೂ ತಾವೇ ಕಟ್ಟಿದ ಒಂಟಿ ಸೀಟಿನ ಕಾರಿನೊಂದಿಗೆ ಸ್ಪರ್ಧಿಸಬಹುದಾದ ಫಾರ್ಮುಲಾ ಭಾರತ್ ಅದೇ ಕರಿ ಸ್ಪೀಡ್‌ವೇಯಲ್ಲಿ ನಡೆಯುತ್ತ ಬಂದಿದೆ. ಅಲ್ಲಿ ವೇಗಕ್ಕಷ್ಟೇ ಅಂಕ ಕೊಡುವುದಿಲ್ಲ. ವಿನ್ಯಾಸವನ್ನು, ಖರ್ಚಿನ ಲೆಕ್ಕವನ್ನು ತೀರ್ಪುಗಾರರ ಮುಂದೆ ಸಮರ್ಥಿಸಿಕೊಳ್ಳಬೇಕು, ಕೊನೆಗೆ ನಡುವೆ ಚಾಲಕನನ್ನು ಬದಲಿಸಿ ಸುಮಾರು 22 ಕಿ.ಮೀ. ಓಟ ಮುಗಿಸಬೇಕು. ಹೆಚ್ಚಿನ ಕಾರುಗಳು ಕೆಟ್ಟು ನಿಲ್ಲುವುದು ಆ ಕೊನೆಯ ಓಟದಲ್ಲೇ.