ಖಾತೆ ನಿಮ್ಮ ಹೆಸರಲ್ಲಿದೆ, ಸರಿ. ಕ್ರಯಪತ್ರ ಎಲ್ಲಿ?

ಕರ್ನಾಟಕದಲ್ಲಿ ಸೈಟು ನೋಡಲು ಹೋದರೆ "ಖಾತೆ ನನ್ನ ಹೆಸರಲ್ಲೇ ಇದೆ ಸಾರ್, ಏನೂ ಯೋಚನೆ ಮಾಡ್ಬೇಡಿ" ಅನ್ನುವವರು ಸಿಕ್ಕೇ ಸಿಗುತ್ತಾರೆ. ಈ ಮಾತು ನಂಬಿ ಅಡ್ವಾನ್ಸ್ ಕೊಡಬೇಡಿ. ಖಾತೆ ಅಂದರೆ ಆಸ್ತಿ ತೆರಿಗೆಯನ್ನು ಯಾರಿಂದ ವಸೂಲಿ ಮಾಡಬೇಕು ಅಂತ ಪಾಲಿಕೆಯೋ ಪಂಚಾಯಿತಿಯೋ ಬರೆದಿಟ್ಟುಕೊಳ್ಳುವ ಲೆಕ್ಕ, ಅಷ್ಟೇ. ಅದರಿಂದ ಯಾರೂ ಮಾಲೀಕರಾಗುವುದಿಲ್ಲ. ಹಾಗಂತ ಖಾತೆ ಬೇಡ ಅಂತಲ್ಲ. ಬ್ಯಾಂಕ್ ಸಾಲಕ್ಕೂ ನಕ್ಷೆ ಮಂಜೂರಾತಿಗೂ ಅದು ಬೇಕು, ಈಗಂತೂ ನೋಂದಣಿಗೇ ಇ-ಖಾತೆ ಕೇಳುತ್ತಾರೆ.

ಜಮೀನು ಯಾರ ಹೆಸರಲ್ಲಿದೆ ಅಂತ ಕಂದಾಯ ಇಲಾಖೆ ಬರೆದಿಡುವ ದಾಖಲೆ ಪಹಣಿ, ಅದರದ್ದೂ ಹೆಚ್ಚುಕಮ್ಮಿ ಇದೇ ಕಥೆ. 1964ರ ಭೂ ಕಂದಾಯ ಕಾಯ್ದೆಯ ಪ್ರಕಾರ, ತಪ್ಪು ಅಂತ ಸಾಬೀತಾಗುವವರೆಗೆ ಪಹಣಿಯಲ್ಲಿರುವುದನ್ನು ನಿಜ ಅಂತ ಇಟ್ಟುಕೊಳ್ಳಬೇಕು. ಸಾಬೀತಾಗುವವರೆಗೆ ಮಾತ್ರ. ಎಲ್ಲರೂ 9ನೇ ಕಾಲಂನಲ್ಲಿ ಹೆಸರು ನೋಡಿ ಸುಮ್ಮನಾಗುತ್ತಾರೆ, ಸಾಲ ಮತ್ತು ಇತರ ಹಕ್ಕುಗಳು ಕೂತಿರುವುದು 11ರಲ್ಲಿ.

ಮಾಲೀಕತ್ವ ಕೈ ಬದಲಾಗುವುದು ಕ್ರಯಪತ್ರದಿಂದ, ಅಂದರೆ ಸೇಲ್ ಡೀಡ್‌ನಿಂದ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಂ ಪ್ರಕಾರ 100 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಬೆಲೆಯ ಸ್ಥಿರಾಸ್ತಿ ಮಾರಿದರೆ ಪತ್ರ ನೋಂದಣಿ ಆಗಲೇಬೇಕು. ಇವತ್ತು ನೂರು ರೂಪಾಯಿಗೆ ಯಾವ ಜಾಗ ಸಿಗುತ್ತೆ ಹೇಳಿ, ಹಾಗಾಗಿ ಎಲ್ಲಾ ಮಾರಾಟಕ್ಕೂ ಅಂತಲೇ ಓದಿಕೊಳ್ಳಿ. ಸಹಿ ಹಾಕಿದ ದಿನದಿಂದ ನಾಲ್ಕು ತಿಂಗಳೊಳಗೆ ಉಪನೋಂದಣಾಧಿಕಾರಿ ಮುಂದೆ ಹಾಜರುಪಡಿಸಬೇಕು.

ಅಗ್ರಿಮೆಂಟ್, ಅಂದರೆ ಕ್ರಯದ ಕರಾರು, ಬೇರೆಯದೇ. ಮುಂದೆ ಮಾರುತ್ತೇನೆ ಅಂತ ಕೊಟ್ಟ ಮಾತು ಅದು, ಅದರಿಂದ ಆಸ್ತಿಯ ಮೇಲೆ ನಿಮಗೆ ಹಕ್ಕು ಹುಟ್ಟುವುದಿಲ್ಲ ಅಂತ ಅದೇ 54ನೇ ಕಲಂ ಹೇಳುತ್ತದೆ. ಮಾರುವವರು ಮಾತು ತಪ್ಪಿದರೆ ಕ್ರಯಪತ್ರ ಮಾಡಿಸಿಕೊಡಿ ಅಂತ ದಾವೆ ಹಾಕಬಹುದು. ಕರಾರಿನಲ್ಲಿ ದಿನ ಗೊತ್ತು ಮಾಡಿದ್ದರೆ ಆ ದಿನದಿಂದ ಮೂರು ವರ್ಷ ಅವಕಾಶ. ಇನ್ನು "ಜಿಪಿಎ ಮೇಲೆ ಮಾರುತ್ತೇವೆ, ಖರ್ಚು ಕಮ್ಮಿ" ಅನ್ನುವವರಿಂದ ದೂರ ಇರಿ. ಜಿಪಿಎ ಅಂದರೆ ನನ್ನ ಪರವಾಗಿ ವ್ಯವಹಾರ ಮಾಡಿ ಅಂತ ಕೊಡುವ ಅಧಿಕಾರ ಪತ್ರ, ಅದನ್ನು ಮಾಡಿಕೊಟ್ಟ ಮಾತ್ರಕ್ಕೆ ಮಾರಾಟ ಆಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟವಾಗಿ ಹೇಳಿದೆ.

ಈಗ ಇ.ಸಿ. ಋಣಭಾರ ಪ್ರಮಾಣಪತ್ರ ಅಂತ ಹೆಸರು, ಆದರೆ ಬರೀ ಸಾಲದ ಪಟ್ಟಿ ಅಲ್ಲ. ನೀವು ಕೇಳಿದ ವರ್ಷಗಳಲ್ಲಿ ಆ ಆಸ್ತಿ ಮೇಲೆ ನೋಂದಣಿಯಾದ ಪತ್ರಗಳೆಲ್ಲ ಅದರಲ್ಲಿ ಬರುತ್ತವೆ. ವ್ಯವಹಾರ ಇದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16. ಸಾಲು ಸಾಲಾಗಿ ಓದಿ: ತಾರೀಖು, ಯಾವ ಪತ್ರ, ಬರೆದುಕೊಟ್ಟವರು ಯಾರು, ಬರೆಸಿಕೊಂಡವರು ಯಾರು. ಒಂದು ಸಾಲಿನಲ್ಲಿ ಬರೆಸಿಕೊಂಡವರು ಮುಂದಿನ ಮಾರಾಟದಲ್ಲಿ ಬರೆದುಕೊಟ್ಟವರಾಗಿ ಬರಬೇಕು, ಮಧ್ಯೆ ಹೊಸ ಹೆಸರು ದಿಢೀರ್ ಅಂತ ಬಂದರೆ ಅದು ಹೇಗೆ ಬಂತು ಅಂತ ಕೇಳಿ, ವಿಲ್ಲೋ ವಾರಸುದಾರಿಕೆಯೋ ಇರಬಹುದು, ಅದಕ್ಕೆ ಬೇರೆ ದಾಖಲೆ ಬೇಕು. ಅಡಮಾನದ ಸಾಲು ಕಂಡರೆ, ಅದು ತೀರಿತು ಅನ್ನುವ ಸಾಲು ಕೆಳಗೆಲ್ಲಾದರೂ ಇದೆಯಾ ಹುಡುಕಿ. 2010ರಿಂದ ಇ.ಸಿ. ತೆಗೆಸಿದರೆ 2006ರ ಅಡಮಾನ ಅದರಲ್ಲಿ ಬರಲ್ಲ ಅಲ್ವಾ, ಅದಕ್ಕೇ ಹಳೆಯ ವರ್ಷಗಳಿಂದಲೇ ಕೇಳಿ, ಜಮೀನು ಪೋಡಿಯಾಗಿ, ಅಂದರೆ ಅಳತೆ ಮಾಡಿ ಭಾಗವಾಗಿ, ಸರ್ವೆ ನಂಬರ್ ಬದಲಾಗಿದ್ದರೆ ಹಳೇ ನಂಬರಿಗೂ ಒಂದು ತೆಗೆಸಿ. ನೋಂದಣಿಯಾಗದ ವಿಲ್, ಬಾಯಿಮಾತಿನ ಪಾಲು, ಕೋರ್ಟಿನಲ್ಲಿ ನಡೆಯುತ್ತಿರುವ ಕೇಸು, ಇವು ಸಾಮಾನ್ಯವಾಗಿ ಇ.ಸಿ.ಯಲ್ಲಿ ಕಾಣುವುದಿಲ್ಲ. "ಇ.ಸಿ. ಕ್ಲೀನ್ ಇದೆ" ಅಂದರೆ ಆ ವರ್ಷಗಳಲ್ಲಿ ನೋಂದಣಿಯಾದ ತೊಡಕು ಕಾಣಲಿಲ್ಲ ಅಂತ, ಅಷ್ಟೇ ಅರ್ಥ.

ಇ.ಸಿ.ಯಲ್ಲಿ ಭೋಗ್ಯ ಅನ್ನುವ ಪದ ಕಂಡರೆ ಅದೂ ಅಡಮಾನವೇ. ಭೋಗ್ಯ ಅಂದರೆ ಸಾಲ ಕೊಟ್ಟವರು ಹಣ ತೀರುವವರೆಗೆ ಆಸ್ತಿಯನ್ನು ತಮ್ಮ ವಶದಲ್ಲಿಟ್ಟುಕೊಂಡು ಅದರ ಫಲ ಅನುಭವಿಸುವ ಅಡಮಾನ.

ಕೊನೆಗೆ ಹಕ್ಕು ಖುಲಾಸೆ ಪತ್ರ, ರಿಲೀಸ್ ಡೀಡ್. ಪಾಲುದಾರರೊಬ್ಬರು ತಮ್ಮ ಪಾಲನ್ನು ಉಳಿದ ಪಾಲುದಾರರಿಗೆ ಬಿಟ್ಟುಕೊಡುವ ಪತ್ರ ಇದು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಅಂತ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿತು. ಆಗ ತಂದೆ ಬದುಕಿರಲೇಬೇಕು ಅಂತೇನೂ ಇಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಸೇರಿಸಿತು. ಹಾಗಾಗಿ ಪಿತ್ರಾರ್ಜಿತ ಜಾಗ ಕೊಳ್ಳುವಾಗ ವಂಶವೃಕ್ಷ ಪಕ್ಕದಲ್ಲಿಟ್ಟುಕೊಂಡು ಓದಿ. ಮದುವೆಯಾಗಿ ಹೋದ ಅಕ್ಕತಂಗಿಯರ ಹೆಸರು ಅದರಲ್ಲಿದ್ದು, ಅವರ ಸಹಿ ಖುಲಾಸೆ ಪತ್ರದಲ್ಲೂ ಇಲ್ಲ, ಕ್ರಯಪತ್ರದಲ್ಲೂ ಇಲ್ಲ ಅಂದರೆ, ವಕೀಲರಿಗೆ ತೋರಿಸುವವರೆಗೆ ಒಂದು ರೂಪಾಯಿಯನ್ನೂ ಬಿಚ್ಚಬೇಡಿ.