ಕೈಯಲ್ಲಿ ಗುರಾಣಿ, ಮುಂದೆ ಬಂಡೆ: ಎರಡೂ ಲೆಕ್ಕಕ್ಕೆ ಬರುತ್ತಾ?

ಪ್ರಶ್ನೆ: ಅಣ್ಣ, ನಾವು ದಾವಣಗೆರೆಯಲ್ಲಿ ಐದು ಜನ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ಡೈಸ್ ಎಸೆದು ಆಡೋ ಕಥೆಯಾಟ) ಆಡುತ್ತೇವೆ. ನನ್ನ ಫೈಟರ್ (ಯೋಧನ ಪಾತ್ರ) ಕೈಯಲ್ಲಿ ಗುರಾಣಿ ಇತ್ತು, ಬಂಡೆ ಮರೆಯಲ್ಲೂ ನಿಂತಿದ್ದ. ಎರಡರಲ್ಲಿ ಒಂದೇ ಸಿಗೋದು ಅಂದ ನಮ್ಮ ಡಿಎಂ, ಅಂದರೆ ಆಟ ನಡೆಸೋನು. ಹೌದಾ?

ಇಲ್ಲ ತಮ್ಮ, ಎರಡೂ ಸಿಗುತ್ತವೆ. ಹಾಗಂತ ಅವನ ಮೇಲೆ ರೇಗಬೇಡ, ಅವನು ಎಲ್ಲಿ ಎಡವಿರಬಹುದು ಅಂತ ಆಮೇಲೆ ಹೇಳುತ್ತೇನೆ.

2014ರಲ್ಲಿ ಬಂದ 5ನೇ ಆವೃತ್ತಿಯಲ್ಲಿ ಗುರಾಣಿ ಹಿಡಿದರೆ ಆರ್ಮರ್ ಕ್ಲಾಸ್‌ಗೆ (ಎಸಿ, ಅಂದರೆ ಏಟು ತಾಗಬೇಕಾದರೆ ಹೊಡೆಯುವವನು ಮುಟ್ಟಬೇಕಾದ ಅಂಕಿ) 2 ಸೇರುತ್ತದೆ. ಅರ್ಧ ಮೈ ಮರೆಯಾಗಿದ್ದರೆ ಇನ್ನೊಂದು 2, ಮುಕ್ಕಾಲು ಮರೆಯಾದರೆ 5. ಪೂರ್ತಿ ಮರೆಯಾದರೆ ನಿನ್ನ ಮೇಲೆ ನೇರವಾಗಿ ಗುರಿ ಇಡೋಕೇ ಬರಲ್ಲ. ಎರಡು ಬಂಡೆ ಅಡ್ಡ ಇದ್ದರೆ ಮಾತ್ರ ಜಾಸ್ತಿ ಮರೆ ಕೊಡೋ ಒಂದೇ ಲೆಕ್ಕಕ್ಕೆ. ಗುರಾಣಿ ಬೇರೆ ಬಾಬತ್ತು, ಅದು ನಿನ್ನ ಕೈಯಲ್ಲಿರೋದು.

ಎರಡು ಮೂರು ಅಂಕಿ ಏನು ಮಹಾ ಅನ್ನಬೇಡ. ಚೈನ್ ಮೇಲ್ (ಸರಪಳಿ ಕವಚ) ಹಾಕಿದವನ ಎಸಿ 16. ಗಾಬ್ಲಿನ್ ಅನ್ನೋ ಕುಳ್ಳ ರಾಕ್ಷಸ ಬಾಣ ಬಿಟ್ಟರೆ 20 ಮುಖದ ಡೈಸ್‌ಗೆ 4 ಕೂಡಿಸಿಕೊಳ್ಳುತ್ತೆ, ಅಂದರೆ ಶೇ 45 ಸಲ ತಾಗುತ್ತೆ. ಗುರಾಣಿ ಹಿಡಿದರೆ 35. ಗುರಾಣಿ ಜೊತೆ ಅರ್ಧ ಮರೆ ಸಿಕ್ಕಿದರೆ 25. ಗುರಾಣಿ ಜೊತೆ ಮುಕ್ಕಾಲು ಮರೆ ಸಿಕ್ಕಿದರೆ ಬರೀ 10!

ಮುಕ್ಕಾಲು ಮರೆ ಅಂದರೆ ಎಷ್ಟು ಅಂತ ನೋಡಬೇಕಾದರೆ ನಮ್ಮ ದುರ್ಗದ ಕೋಟೆಗೆ ಬಾ. ಗೋಡೆಯ ಕಿಂಡಿ ಹಿಂದೆ ನಿಂತವನಿಗೆ ಹೊರಗಿನದೆಲ್ಲ ಕಾಣುತ್ತೆ, ಹೊರಗಿನವನಿಗೆ ಕಾಣೋದು ಒಂದು ಕಣ್ಣು, ಒಂದು ಕೈ. ಮರೆ ಅನ್ನೋದು ಯಾರು ಎಲ್ಲಿಂದ ಹೊಡೀತಾರೆ ಅನ್ನೋದರ ಮೇಲೆ ಹೋಗುತ್ತೆ. ಗಾಬ್ಲಿನ್ ಬಂಡೆ ಸುತ್ತಿ ಪಕ್ಕಕ್ಕೆ ಬಂತೋ, ನಿನ್ನ ಬಂಡೆ ಅಲ್ಲೇ ಇರುತ್ತೆ, ಮರೆ ಇರಲ್ಲ.

ಹೋದ ತಿಂಗಳು ಓಬವ್ವನ ಕಿಂಡಿಯನ್ನೇ ಮ್ಯಾಪ್ ಮಾಡಿ ಆಡಿಸಿದೆ. ಹೈದರಾಲಿಯ ಸೈನಿಕರು ಒಳಗೆ ತೆವಳುವಷ್ಟು ಹೊತ್ತು ಪೂರ್ತಿ ಮರೆ, ಆದರೆ ತಲೆ ಹೊರಗೆ ಬಂದ ಕೂಡಲೇ ನೆಲಕ್ಕೆ ಬಿದ್ದವನ ಲೆಕ್ಕ, ಪಕ್ಕದಲ್ಲೇ ನಿಂತು ಹೊಡೆಯುವವಳಿಗೆ ಎರಡು ಡೈಸ್ ಎಸೆದು ದೊಡ್ಡದು ಆರಿಸಿಕೊಳ್ಳುವ ಅವಕಾಶ. ಒನಕೆಗೆ ಗ್ರೇಟ್‌ಕ್ಲಬ್ (ದೊಡ್ಡ ದೊಣ್ಣೆ) ಲೆಕ್ಕದಲ್ಲಿ 1ಡಿ8, ಅಂದರೆ 8 ಮುಖದ ಒಂದು ಡೈಸ್‌ನಷ್ಟು ಪೆಟ್ಟು ಕೊಟ್ಟೆ. ಕೈಗೆ ಸಿಕ್ಕಿದ ವಸ್ತು ಅಂತ 1ಡಿ4 ಕೊಟ್ಟಿದ್ದರೆ ದುರ್ಗದವರು ಸುಮ್ನೆ ಬಿಡ್ತಿದ್ರಾ?

ಎಷ್ಟು ಮರೆ ಅಂತ ಜಗಳ ಬಂದರೆ ನಾನು ನೂಲು ತೆಗೆಯುತ್ತೇನೆ. ಮಂಡಕ್ಕಿ ತಟ್ಟೆ ಆಚೆ ಸರಿಸಿ, ಹೊಡೆಯುವವನ ಚೌಕದ ಒಂದು ಮೂಲೆಯಿಂದ ಹೊಡೆಸಿಕೊಳ್ಳುವವನ ಚೌಕದ ನಾಲ್ಕೂ ಮೂಲೆಗೆ ಎಳೆದು ನೋಡುವುದು. ಬಂಡೆ ಅಂತ ಇಟ್ಟ ಬೆಂಕಿಪೊಟ್ಟಣಕ್ಕೆ ಒಂದೋ ಎರಡೋ ಎಳೆ ತಾಗಿದರೆ ಅರ್ಧ. ಮೂರೋ ನಾಲ್ಕೋ ತಾಗಿಯೂ ಬಾಣ ತೂರುವಷ್ಟು ಸಂದಿ ಇದ್ದರೆ ಮುಕ್ಕಾಲು. ಮಧ್ಯೆ ಇನ್ನೊಬ್ಬ ನಿಂತಿದ್ದರೂ ಅರ್ಧ ಮರೆಯೇ, ಅವನು ನಿನ್ನ ಗೆಳೆಯನೇ ಆದರೂ. ನಮ್ಮ ಬಿಲ್ಲುಗಾರನಿಗೆ ಇದು ಇನ್ನೂ ಹೊಟ್ಟೆ ಉರಿ.

ಇನ್ನೊಂದು ವಿಷಯ ಜನ ಮರೆತೇಬಿಡುತ್ತಾರೆ. ಅರ್ಧ, ಮುಕ್ಕಾಲು ಮರೆಯ ಅಂಕಿಗಳು ಡೆಕ್ಸ್ಟೆರಿಟಿ ಸೇವ್‌ಗೂ (ಚುರುಕಾಗಿ ತಪ್ಪಿಸಿಕೊಳ್ಳೋಕೆ ಎಸೆಯೋ ಡೈಸ್) ಸೇರುತ್ತವೆ. ಗುರಾಣಿಯದು ಸುಮ್ಮನೆ ಸೇರಲ್ಲ, ಅದಕ್ಕೆ ಶೀಲ್ಡ್ ಮಾಸ್ಟರ್ ಥರದ ಫೀಟ್ (ಪಾತ್ರ ಕಲಿಯೋ ವಿಶೇಷ ಕೌಶಲ) ಬೇಕು. ಹಾಗಾಗಿ ಸಿಡಿಲಿನ ಮಂತ್ರ ಬಂದರೆ ಗುರಾಣಿಗಿಂತ ಬಂಡೆಯೇ ವಾಸಿ. ಫೈರ್‌ಬಾಲ್ ಮಂತ್ರದ ಬೆಂಕಿ ಮಾತ್ರ ಮೂಲೆ ಸುತ್ತಿಕೊಂಡೂ ಬರುತ್ತೆ, ಬಂಡೆ ಇದೆ ಅಂತ ಮೈಮರೆಯಬೇಡ.

ನಿಮ್ಮ ಡಿಎಂ ವಿಷಯಕ್ಕೆ ಬರೋಣ. 2019ರಲ್ಲಿ ಬಂದ ಪಾತ್‌ಫೈಂಡರ್ ಅನ್ನೋ ಇದೇ ಥರದ ಇನ್ನೊಂದು ಆಟದ 2ನೇ ಆವೃತ್ತಿಯಲ್ಲಿ ಅವನು ಹೇಳಿದ್ದೇ ಸರಿ. ಅಲ್ಲಿ ಗುರಾಣಿ ಸುಮ್ನೆ ಹಿಡಿದರೆ ಆಗಲ್ಲ, ಪ್ರತಿ ಸರದಿಯ ಮೂರು ಆ್ಯಕ್ಷನ್‌ಗಳಲ್ಲಿ ಒಂದನ್ನು ಖರ್ಚು ಮಾಡಿ ಎತ್ತಬೇಕು. ಎತ್ತಿದ ಗುರಾಣಿ, ಬಂಡೆ ಮರೆ ಎರಡೂ ಸರ್ಕಮ್‌ಸ್ಟನ್ಸ್ ಬೋನಸ್ ಅನ್ನೋ ಒಂದೇ ಜಾತಿ, ಅದಕ್ಕೇ ದೊಡ್ಡದು ಮಾತ್ರ ಉಳಿಯುತ್ತೆ. ಎರಡೂ 2 ಇದ್ದರೆ ಸಿಗೋದು 2. ಮುಂದಿನ ಸಲ ಕೂತಾಗ ಕೇಳಿ ನೋಡು, ಮೊದಲು ಪಾತ್‌ಫೈಂಡರ್ ಆಡ್ತಿದ್ನಾ ಅಂತ.